ಡೇಟಾ ರಿಡಕ್ಷನ್: ವೆಬ್ ದೂರದರ್ಶಕದ ಕಚ್ಚಾ ಅಂಕಿಗಳು ಅಳತೆಯಾಗುವ ಬಗೆ

ಖಗೋಳ ವಿಜ್ಞಾನದಲ್ಲಿ ಡೇಟಾ ರಿಡಕ್ಷನ್ ಎಂದರೆ, ಡಿಟೆಕ್ಟರ್ (ಬೆಳಕನ್ನು ಹಿಡಿಯುವ ಚಿಪ್ಪು) ಬರೆದುಕೊಟ್ಟ ಕಚ್ಚಾ ಅಂಕಿಗಳಲ್ಲಿ ಸೇರಿಕೊಂಡಿರುವ ಉಪಕರಣದ ಪಾಲನ್ನು ಒಂದೊಂದಾಗಿ ಕಳೆಯುವುದು. ಕೊನೆಗೆ ಆಕಾಶದ ಆ ತುಣುಕಿನಿಂದ ಎಷ್ಟು ಬೆಳಕು ಬಂತು, ಆ ಲೆಕ್ಕ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬ ಎರಡೂ ಉತ್ತರಗಳು ಸಿಗಬೇಕು. ಪತ್ರಿಕೆಗಳಲ್ಲಿ ಬರುವ ಬಣ್ಣದ ಚಿತ್ರ ತಯಾರಿಸುವುದು ಇದಾದ ಮೇಲಿನ ಕೆಲಸ, ಅದರ ದಾರಿಯೇ ಬೇರೆ.

ಇಲ್ಲಿ ಉದಾಹರಣೆಗೆ ಜೇಮ್ಸ್ ವೆಬ್ ದೂರದರ್ಶಕವನ್ನೇ ತೆಗೆದುಕೊಳ್ಳೋಣ. 2021ರ ಡಿಸೆಂಬರ್ 25ರಂದು ಉಡಾವಣೆಯಾದ ಇದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, 0.6ರಿಂದ 28 ಮೈಕ್ರಾನ್‌ವರೆಗಿನ ಬೆಳಕನ್ನು, ಅಂದರೆ ಹೆಚ್ಚಿನಂಶ ಅವಕೆಂಪು ಬೆಳಕನ್ನು, ಹಿಡಿಯುತ್ತದೆ. ದತ್ತಾಂಶ ಸಂಸ್ಕರಿಸುವ ತಂತ್ರಾಂಶಕ್ಕೆ ಬಳಕೆಯಲ್ಲಿರುವ ಹೆಸರು ‘ಪೈಪ್‌ಲೈನ್’. ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ಅದನ್ನು ಪೈಥಾನ್‌ನಲ್ಲಿ ಬರೆದು ಉಚಿತವಾಗಿ ಕೊಟ್ಟಿದೆ. ನಡೆಸಲು ನಾಲ್ಕು ಸಾಲು ಕೋಡ್ ಸಾಕು. ತರಬೇತಿ ಬೇಕಾಗುವುದೂ ಅದಕ್ಕೇ: ಒಳಗೆ ಏನಾದರೂ ಎಡವಟ್ಟಾದರೂ ಪೈಪ್‌ಲೈನ್ ಬಹಳ ಸಲ ನಿಲ್ಲುವುದಿಲ್ಲ, ಕೊನೆಯವರೆಗೆ ಓಡಿ ನೋಡಲು ಲಕ್ಷಣವಾದ ಒಂದು ಫೈಲನ್ನು ಕೈಗಿಡುತ್ತದೆ. ಆ ಸಂಸ್ಥೆ ‘ಜೆವೆಬಿನಾರ್’ ಎಂಬ ಹೆಸರಿನಲ್ಲಿ ಆನ್‌ಲೈನ್ ತರಗತಿಗಳನ್ನು ನಡೆಸಿದೆ. ಅವುಗಳಲ್ಲಿ ಬಳಸಿದ, ಕೋಡ್ ಮತ್ತು ವಿವರಣೆ ಒಟ್ಟಿಗಿರುವ ಜುಪಿಟರ್ ನೋಟ್‌ಬುಕ್‌ಗಳು ಎಲ್ಲರಿಗೂ ಮುಕ್ತ.

ಕಲಿಕೆ ಶುರುವಾಗಬೇಕಾದದ್ದು ರ‍್ಯಾಂಪ್‌ನಿಂದ. ಸಾಮಾನ್ಯ ಕ್ಯಾಮೆರಾ ಚಿಪ್ಪಿನಲ್ಲಿ ಓದಿದೊಡನೆ ಪಿಕ್ಸೆಲ್ ಖಾಲಿಯಾಗುತ್ತದೆ. ಅವಕೆಂಪು ಡಿಟೆಕ್ಟರ್‌ನಲ್ಲಿ ಹಾಗಲ್ಲ; ಸೂರಿನ ಕೆಳಗಿಟ್ಟ ಕೊಡವನ್ನು ಚೆಲ್ಲದೆ ಆಗಾಗ ಬಗ್ಗಿ ನೀರಿನ ಮಟ್ಟ ನೋಡಿಕೊಂಡಂತೆ, ಪಿಕ್ಸೆಲ್‌ನಲ್ಲಿ ಸೇರುತ್ತಿರುವ ವಿದ್ಯುದಾವೇಶವನ್ನು ಮತ್ತೆ ಮತ್ತೆ ಓದಬಹುದು. ಕಾಲಕ್ಕೆ ತಕ್ಕಂತೆ ಏರುವ ಈ ಗೆರೆಯೇ ರ‍್ಯಾಂಪ್. ನಮಗೆ ಬೇಕಾದ ಬೆಳಕಿನ ಪ್ರಮಾಣ ಅದರ ಇಳಿಜಾರು, ಅಂದರೆ ಸೆಕೆಂಡಿಗೆ ಎಷ್ಟು ಏರಿತು ಎಂಬುದು.

ಸಮೀಪ ಅವಕೆಂಪಿನ ಕ್ಯಾಮೆರಾ ನಿರ್‌ಕ್ಯಾಮ್‌ನಲ್ಲಿ ಇಂಥ 10 ಡಿಟೆಕ್ಟರ್‌ಗಳಿವೆ, ಪ್ರತಿಯೊಂದೂ 2048×2048 ಪಿಕ್ಸೆಲ್. ಇಡೀ ಡಿಟೆಕ್ಟರನ್ನು ಒಮ್ಮೆ ಓದಲು 10.74 ಸೆಕೆಂಡ್ ಬೇಕು. ಹಾಗೆ ಓದಿದ್ದು ಒಂದು ಫ್ರೇಮ್. ಕೆಲವು ಫ್ರೇಮ್‌ಗಳನ್ನು ಸರಾಸರಿ ಮಾಡಿ ಒಂದು ಗ್ರೂಪ್ ಆಗಿ ಭೂಮಿಗೆ ಕಳಿಸುತ್ತಾರೆ. ಶ್ಯಾಲೋ4 ಎಂಬ ಓದುವ ಮಾದರಿಯಲ್ಲಿ ಐದು ಫ್ರೇಮ್‌ಗಳ ಪೈಕಿ ನಾಲ್ಕರ ಸರಾಸರಿ ಉಳಿಯುತ್ತದೆ, ಒಂದು ಬಿಟ್ಟುಹೋಗುತ್ತದೆ. ಡೀಪ್8ರಲ್ಲಿ ಇಪ್ಪತ್ತರಲ್ಲಿ ಎಂಟನ್ನು ಮಾತ್ರ ಸರಾಸರಿಗೆ ತೆಗೆದುಕೊಳ್ಳುವುದರಿಂದ ಗ್ರೂಪಿನಿಂದ ಗ್ರೂಪಿಗೆ ಸುಮಾರು 215 ಸೆಕೆಂಡ್ ಅಂತರ. ಹಲವು ಗ್ರೂಪ್ ಸೇರಿ ಒಂದು ಇಂಟಿಗ್ರೇಶನ್, ಹಲವು ಇಂಟಿಗ್ರೇಶನ್ ಸೇರಿ ಒಂದು ಎಕ್ಸ್‌ಪೋಷರ್. ಹೀಗಾಗಿ ‘ಅನ್‌ಕ್ಯಾಲ್’ ಎಂದು ಕೊನೆಗೊಳ್ಳುವ ಕಚ್ಚಾ ಫಿಟ್ಸ್ (ಖಗೋಳ ದತ್ತಾಂಶಕ್ಕೆ ರೂಢಿಯಲ್ಲಿರುವ ಫೈಲ್ ಮಾದರಿ) ಫೈಲ್ ನಾಲ್ಕು ಆಯಾಮದ್ದು: ಇಂಟಿಗ್ರೇಶನ್, ಗ್ರೂಪ್, ಸಾಲು, ಕಂಬ. ಹೊಸಬರ ಮೊದಲ ತಪ್ಪು ಇಲ್ಲೇ. ಪೈಥಾನ್ ಸಾಲನ್ನು ಮೊದಲು ಕೇಳುತ್ತದೆ, ಎಣಿಕೆ ಸೊನ್ನೆಯಿಂದ. ಚಿತ್ರ ನೋಡುವ ತಂತ್ರಾಂಶ ಡಿಎಸ್9 ಕಂಬವನ್ನು ಮೊದಲು ತೋರಿಸುತ್ತದೆ, ಎಣಿಕೆ ಒಂದರಿಂದ. ಚಿತ್ರದಲ್ಲಿ ನಕ್ಷತ್ರ ನೋಡಿ, ಕೋಡಿನಲ್ಲಿ ಖಾಲಿ ಆಕಾಶದ ರ‍್ಯಾಂಪ್ ಬಿಡಿಸಿಕೊಂಡು ತಲೆ ಕೆರೆದುಕೊಳ್ಳುವುದು ಹೀಗೆಯೇ.

ಗಾತ್ರದ ಅಂದಾಜೂ ಇರಲಿ. ಒಂದು ಡಿಟೆಕ್ಟರ್‌ನ ಒಂದು ಗ್ರೂಪ್ 16 ಬಿಟ್ ಅಂಕಿಗಳಲ್ಲಿ ಸುಮಾರು 8.4 ಎಂಬಿ, ಹತ್ತು ಗ್ರೂಪಿಗೆ 84 ಎಂಬಿ. ಪೈಪ್‌ಲೈನ್ ಅದನ್ನು 32 ಬಿಟ್‌ಗೆ ಏರಿಸಿ ಗುಣಮಟ್ಟದ ಗುರುತುಗಳನ್ನೂ ಪಕ್ಕದಲ್ಲಿಟ್ಟುಕೊಳ್ಳುವುದರಿಂದ ಮೆಮೊರಿಯಲ್ಲಿ ಇದು ಹಲವು ಪಟ್ಟು ಉಬ್ಬುತ್ತದೆ. ಹತ್ತೂ ಡಿಟೆಕ್ಟರ್‌ಗಳನ್ನು ಒಟ್ಟಿಗೆ ಓಡಿಸಲು ಹೋದರೆ ಸಾಧಾರಣ ಲ್ಯಾಪ್‌ಟಾಪ್ ಕೈಚೆಲ್ಲುತ್ತದೆ. ಅಭ್ಯಾಸಕ್ಕೆ ಒಂದೇ ಡಿಟೆಕ್ಟರ್ ಸಾಕು.

ಪೈಪ್‌ಲೈನ್‌ನಲ್ಲಿ ಮೂರು ಘಟ್ಟ. ಮೊದಲನೆಯದು ರ‍್ಯಾಂಪನ್ನು ಇಳಿಜಾರಾಗಿ ಮಾಡುವುದು. ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ, ಏಕೆಂದರೆ ಮುಂದಿನ ಘಟ್ಟಗಳಲ್ಲಿ ಕಾಣುವ ವಿಚಿತ್ರಗಳಲ್ಲಿ ಬಹುಪಾಲಿನ ಬೇರು ಇಲ್ಲಿರುತ್ತದೆ. ನಿರ್‌ಕ್ಯಾಮ್‌ಗೆ ಮುಖ್ಯ ಹೆಜ್ಜೆಗಳು ಇವು: ಕೆಟ್ಟ ಪಿಕ್ಸೆಲ್‌ಗಳನ್ನು ಗುರುತಿಸುವುದು, ತುಂಬಿ ಹರಿದ ಗ್ರೂಪ್‌ಗಳನ್ನು ಗುರುತಿಸುವುದು, ಬಯಾಸ್ (ಬೆಳಕಿಲ್ಲದೆಯೂ ಓದಿನ ಆರಂಭದಲ್ಲೇ ಇರುವ ಅಂಕಿ) ಕಳೆಯುವುದು, ಡಿಟೆಕ್ಟರ್‌ನ ಅಂಚಿನಲ್ಲಿ ಬೆಳಕು ಬೀಳದ ನಾಲ್ಕು ಪಿಕ್ಸೆಲ್ ಅಗಲದ ಪಟ್ಟಿಯನ್ನು ಬಳಸಿ ವಿದ್ಯುನ್ಮಂಡಲದ ಏರಿಳಿತ ತೆಗೆಯುವುದು, ಪಿಕ್ಸೆಲ್ ತುಂಬುತ್ತ ಬಂದಂತೆ ಬಾಗುವ ರ‍್ಯಾಂಪನ್ನು ನೇರ ಮಾಡುವುದು, ಡಾರ್ಕ್ (ಬೆಳಕಿಲ್ಲದೆಯೂ ಹೊತ್ತು ಕಳೆದಂತೆ ಸೇರುವ ಆವೇಶ) ಕಳೆಯುವುದು, ಕಾಸ್ಮಿಕ್ ಕಿರಣ (ಬಾಹ್ಯಾಕಾಶದ ಅತಿವೇಗದ ಕಣ) ಬಿದ್ದ ಕಡೆ ಜಿಗಿತ ಹುಡುಕುವುದು, ಕೊನೆಗೆ ಇಳಿಜಾರು ಕಟ್ಟುವುದು. ಫಲಿತಾಂಶ ‘ರೇಟ್’ ಫೈಲ್.

ಕಾಸ್ಮಿಕ್ ಕಿರಣ ತಗುಲಿದರೆ ರ‍್ಯಾಂಪ್ ಒಂದು ಗ್ರೂಪಿನಲ್ಲಿ ದಿಢೀರನೆ ಮೇಲೆ ಹಾರಿ, ಆಮೇಲೆ ಹಳೆಯ ಇಳಿಜಾರಿನಲ್ಲೇ ಸಾಗುತ್ತದೆ. ಪೈಪ್‌ಲೈನ್ ಜಿಗಿತದ ಕಡೆ ರ‍್ಯಾಂಪನ್ನು ತುಂಡು ಮಾಡಿ, ತುಂಡುಗಳ ಇಳಿಜಾರುಗಳನ್ನು ತೂಕದೊಂದಿಗೆ ಕೂಡಿಸುತ್ತದೆ. ಗ್ರೂಪ್‌ಗಳು ಮೂರು ನಾಲ್ಕೇ ಇದ್ದರೆ ಈ ಪತ್ತೆ ದುರ್ಬಲ. ವೀಕ್ಷಣೆ ಯೋಜಿಸುವಾಗ ಆದ ಜಿಪುಣತನವನ್ನು ಸಂಸ್ಕರಣೆಯಲ್ಲಿ ಸರಿಪಡಿಸಲು ಬರುವುದಿಲ್ಲ. ದೊಡ್ಡ ಪೆಟ್ಟುಗಳು ದುಂಡನೆಯ ‘ಸ್ನೋಬಾಲ್’ ಆಗಿ ನೂರಾರು ಪಿಕ್ಸೆಲ್‌ಗೆ ಹರಡುತ್ತವೆ. ಜಿಗಿತದ ಹೆಜ್ಜೆಯಲ್ಲಿ ದೊಡ್ಡ ಘಟನೆಗಳ ಅಂಚನ್ನು ಹಿಗ್ಗಿಸುವ ಆಯ್ಕೆ ಚಾಲೂ ಇಲ್ಲದಿದ್ದರೆ ಅದರ ಸುತ್ತಲ ಪ್ರಭೆ ಚಿತ್ರದಲ್ಲಿ ಉಳಿದು, ಮಸುಕಾದ ಗೆಲಾಕ್ಸಿಯ ವೇಷ ಹಾಕುತ್ತದೆ.

ಇನ್ನೊಂದು, ಪ್ರಖರ ನಕ್ಷತ್ರಗಳ ನಟ್ಟನಡುವೆ ಕಾಣುವ ಕಪ್ಪು ಚುಕ್ಕೆ. ಪಿಕ್ಸೆಲ್ ನಾಲ್ಕನೇ ಗ್ರೂಪಿನಲ್ಲಿ ತುಂಬಿದರೆ ಮೊದಲ ಮೂರರಿಂದ ಇಳಿಜಾರು ಸಿಗುತ್ತದೆ. ಎರಡನೆಯದರಲ್ಲೇ ತುಂಬಿದರೆ ಉಳಿಯುವುದು ಒಂದೇ ಬಿಂದು, ಪೈಪ್‌ಲೈನ್ ತನ್ನ ರೂಢಿಯಂತೆ ಅದನ್ನು ಕೈಬಿಡುತ್ತದೆ. ಆ ರೂಢಿಯನ್ನು ಬದಲಿಸುವ ಸೆಟ್ಟಿಂಗ್ ಇದೆ. ಮೊದಲ ಗ್ರೂಪೇ ತುಂಬಿದ್ದರೂ, ನಿರ್‌ಕ್ಯಾಮ್ ಪ್ರತ್ಯೇಕವಾಗಿ ಕಳಿಸುವ ಮೊದಲ ಫ್ರೇಮ್‌ನಿಂದ ಕೆಲವೊಮ್ಮೆ ಅಳತೆ ಉಳಿಸಿಕೊಳ್ಳಬಹುದು.

ಗುಣಮಟ್ಟದ ಗುರುತುಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಬಳಸಬೇಡ ಎಂಬುದಕ್ಕೆ 1, ತುಂಬಿದೆ ಎಂಬುದಕ್ಕೆ 2, ಜಿಗಿತಕ್ಕೆ 4. ಒಂದೇ ಕಡೆ ಹಲವು ದೋಷಗಳಿದ್ದರೆ ಮೊತ್ತ ಬರೆಯುತ್ತಾರೆ. 6 ಎಂದಿದ್ದರೆ ತುಂಬಿದೆ, ಜಿಗಿತವೂ ಇದೆ. ಕೋಡಿನಲ್ಲಿ ‘4ಕ್ಕೆ ಸಮವೇ’ ಎಂದು ಕೇಳಿದರೆ ಇಂಥವು ತಪ್ಪಿಸಿಕೊಳ್ಳುತ್ತವೆ. ಬಿಟ್ ಮಟ್ಟದಲ್ಲಿ ಹೋಲಿಸಬೇಕು.

ಮೊದಲ ಘಟ್ಟ ಮುಗಿದ ಮೇಲೂ ರೇಟ್ ಚಿತ್ರದಲ್ಲಿ ಅಡ್ಡ ಗೆರೆಗಳು ಉಳಿಯುವುದುಂಟು. ಇದು ಓದುವ ವಿದ್ಯುನ್ಮಂಡಲದ ಒನ್-ಬೈ-ಎಫ್ ಗದ್ದಲ, ಅಂದರೆ ಓದುತ್ತಿರುವಾಗಲೇ ನಿಧಾನವಾಗಿ ಏರಿಳಿಯುವ ಗದ್ದಲ. ಆಕಾಶಕಾಯಗಳನ್ನು ಮುಚ್ಚಿ, ಪ್ರತಿ ಸಾಲಿನ ಮಧ್ಯಾಂಕ ತೆಗೆದು ಕಳೆಯುವುದು ರೂಢಿ. ಈಗ ಪೈಪ್‌ಲೈನ್‌ನಲ್ಲೇ ಇದಕ್ಕೊಂದು ಹೆಜ್ಜೆಯಿದೆ. ಮುಚ್ಚಿದ್ದು ಸಾಲದೆ ಹೋದರೆ ದೊಡ್ಡ ಗೆಲಾಕ್ಸಿಯ ಹೊರವಲಯದ ಬೆಳಕೂ ಗದ್ದಲದ ಲೆಕ್ಕಕ್ಕೆ ಸೇರಿ, ಅದರ ಎಡಬಲಕ್ಕೆ ಕಪ್ಪು ಪಟ್ಟಿ ಬೀಳುತ್ತದೆ. ಚೌಕಟ್ಟು ತುಂಬಿದ ನೀಹಾರಿಕೆಗಂತೂ ಈ ಉಪಾಯ ಹೇಳಿಮಾಡಿಸಿದ್ದಲ್ಲ.

ಎರಡನೇ ಘಟ್ಟ ಬೇಗ ಮುಗಿಯುತ್ತದೆ: ಪ್ರತಿ ಪಿಕ್ಸೆಲ್‌ಗೆ ಆಕಾಶದ ನಿರ್ದೇಶಾಂಕ, ಫ್ಲ್ಯಾಟ್ ಫೀಲ್ಡ್ (ಪಿಕ್ಸೆಲ್ಲುಗಳ ಸಂವೇದನೆಯ ಹೆಚ್ಚುಕಡಿಮೆ ಸರಿದೂಗಿಸುವುದು), ಆಮೇಲೆ ಸೆಕೆಂಡಿಗೆ ಎಣಿಕೆಯನ್ನು ಸ್ಟೆರೇಡಿಯನ್‌ಗೆ ಮೆಗಾಜಾನ್‌ಸ್ಕಿ ಎಂಬ ಭೌತಿಕ ಏಕಮಾನಕ್ಕೆ ಬದಲಿಸುವುದು. ಕೊನೆಗೆ ‘ಕ್ಯಾಲ್’ ಫೈಲ್. ಗಮನ ಕೊಡಬೇಕಾದದ್ದು ಇದಕ್ಕೆ ಬೇಕಾದ ಗುಣಾಂಕಗಳು ಬರುವ ಸಿಆರ್‌ಡಿಎಸ್ ಎಂಬ ಉಲ್ಲೇಖ ಫೈಲ್‌ಗಳ ಭಂಡಾರಕ್ಕೆ. ಯಾವ ದಿನ ಯಾವ ಫೈಲ್‌ಗಳ ಕಟ್ಟು ಚಾಲ್ತಿಯಲ್ಲಿದೆ ಎಂಬುದಕ್ಕೆ ‘ಕಾಂಟೆಕ್ಸ್ಟ್’ ಸಂಖ್ಯೆಯಿದೆ. 2022ರ ಜುಲೈನ ಮೊದಲ ದತ್ತಾಂಶಕ್ಕೆ ಉಡಾವಣೆಗೆ ಮುಂಚಿನ ಅಂದಾಜು ಗುಣಾಂಕಗಳೇ ಬಳಕೆಯಲ್ಲಿದ್ದವು. ಬಾಹ್ಯಾಕಾಶದಲ್ಲಿ ಅಳೆದಾಗ ನಿರ್‌ಕ್ಯಾಮ್‌ನ ಕೆಲವು ಡಿಟೆಕ್ಟರ್‌ಗಳಲ್ಲಿ ವ್ಯತ್ಯಾಸ ಶೇಕಡಾ ಹತ್ತನ್ನು ಮೀರಿತ್ತು. ಬಣ್ಣ ನೋಡಿ ಗೆಲಾಕ್ಸಿಯ ದೂರ ಅಂದಾಜು ಮಾಡುವವರಿಗೆ ಅದು ಸಣ್ಣ ಮೊತ್ತವಲ್ಲ. ಮಧ್ಯ ಅವಕೆಂಪಿನ ಉಪಕರಣ ಮಿರಿಯಲ್ಲಿ ಉದ್ದ ತರಂಗಾಂತರಗಳ ಸಂವೇದನೆ ಕಾಲಕ್ರಮೇಣ ಇಳಿದದ್ದು 2023ರಲ್ಲಿ ಗೊತ್ತಾದ ಮೇಲೆ, ವೀಕ್ಷಣೆಯ ದಿನಾಂಕಕ್ಕೆ ತಕ್ಕ ತಿದ್ದುಪಡಿ ಸೇರಿತು. ಎಂದೋ ಒಮ್ಮೆ ಕಂಪ್ಯೂಟರ್‌ನಲ್ಲಿ ಹಳೆಯ ಕಾಂಟೆಕ್ಸ್ಟ್ ಸಂಖ್ಯೆಯನ್ನು ನಿಗದಿ ಮಾಡಿ ಮರೆತಿದ್ದರೆ, ಹೊಸ ಪೈಪ್‌ಲೈನ್ ಹಾಕಿಕೊಂಡರೂ ಹಳೆಯ ಗುಣಾಂಕವೇ ಬರುತ್ತದೆ.

ಮೂರನೇ ಘಟ್ಟದಲ್ಲಿ, ದೂರದರ್ಶಕವನ್ನು ಸ್ವಲ್ಪ ಸ್ವಲ್ಪ ಸರಿಸಿ ತೆಗೆದ ಹಲವು ಕ್ಯಾಲ್ ಚಿತ್ರಗಳನ್ನು ಒಂದಾಗಿಸುತ್ತಾರೆ. ಯಾವ ಫೈಲ್‌ಗಳು ಸೇರಬೇಕು ಎಂಬ ಪಟ್ಟಿ ಒಂದು ಜೆಸನ್ ಫೈಲ್‌ನಲ್ಲಿರುತ್ತದೆ. ಹೆಜ್ಜೆಗಳು ಹೀಗೆ: ನಕ್ಷತ್ರಗಳನ್ನು ಹೋಲಿಸಿ ಚಿತ್ರಗಳನ್ನು ಹೊಂದಿಸುವುದು, ಬೇಕಾದರೆ ಗಯಾ ಉಪಗ್ರಹದ ನಕ್ಷತ್ರ ಸ್ಥಾನಗಳ ಪಟ್ಟಿಗೆ ಕಟ್ಟುವುದು, ಹಿನ್ನೆಲೆ ಸಮ ಮಾಡುವುದು, ಒಂದರಲ್ಲಿ ಮಾತ್ರ ಕಾಣುವ ಚುಕ್ಕೆಗಳನ್ನು ಹೊರಹಾಕುವುದು, ಎಲ್ಲವನ್ನೂ ಒಂದೇ ಚೌಕುಳಿಗೆ ಕೂರಿಸಿ ‘ಐ2ಡಿ’ ಚಿತ್ರ ಮಾಡುವುದು. ಹೊಂದಾಣಿಕೆ ಒಂದು ಪಿಕ್ಸೆಲ್‌ನಷ್ಟು ತಪ್ಪಿದರೂ ಒಂದರ ನಕ್ಷತ್ರದ ನಡುಭಾಗ ಇನ್ನೊಂದರ ಅಂಚಿನ ಮೇಲೆ ಕೂರುತ್ತದೆ. ಮುಂದಿನ ಹೆಜ್ಜೆಗೆ ಅದು ಕಾಸ್ಮಿಕ್ ಕಿರಣದಂತೆ ಕಂಡು, ನಕ್ಷತ್ರದ ತಿರುಳನ್ನೇ ಕೊರೆದು ಹಾಕುತ್ತದೆ. ತುಂಬಿಹೋಗದ ನಕ್ಷತ್ರಗಳಲ್ಲೂ ತೂತು ಕಂಡರೆ ಚುಕ್ಕೆ ಹೊರಹಾಕುವ ಮಿತಿಯನ್ನು ತಿರುಚಬೇಡಿ. ಮೊದಲು ಹೊಂದಾಣಿಕೆಯ ಲಾಗ್ ತೆರೆದು ಎಷ್ಟು ನಕ್ಷತ್ರ ಹೊಂದಿಕೆಯಾಗಿವೆ ನೋಡಿ. ಮಿರಿಯ ಉದ್ದ ತರಂಗಾಂತರಗಳಲ್ಲಿ ನಕ್ಷತ್ರಗಳೇ ವಿರಳವಾಗುವುದರಿಂದ ಈ ಹೆಜ್ಜೆ ಸುಮ್ಮನೆ ಸೋತು ಮುಂದೆ ಸಾಗಿರುತ್ತದೆ.

ಅಭ್ಯಾಸಕ್ಕೆ ದತ್ತಾಂಶ ಮಾಸ್ಟ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಸಿಗುತ್ತದೆ. ಆರಂಭಿಕ ಬಿಡುಗಡೆ ಕಾರ್ಯಕ್ರಮದ ವೀಕ್ಷಣೆಗಳಿಗೆ ವೀಕ್ಷಿಸಿದವರಿಗಷ್ಟೇ ಕಾಯ್ದಿರಿಸಿದ ಅವಧಿ ಇಲ್ಲವಾದ್ದರಿಂದ, ಬೆಂಗಳೂರಿನ ವಿದ್ಯಾರ್ಥಿಯೂ ಯಾರ ಅನುಮತಿಯನ್ನೂ ಕಾಯದೆ ಇಳಿಸಿಕೊಳ್ಳಬಹುದು. ಸಿದ್ಧ ಐ2ಡಿ ಬಿಟ್ಟು ಅನ್‌ಕ್ಯಾಲ್ ಫೈಲನ್ನೇ ತೆಗೆದುಕೊಳ್ಳಿ. ಪ್ರಖರ ನಕ್ಷತ್ರದ ನಡು, ಖಾಲಿ ಆಕಾಶ, ಸ್ನೋಬಾಲ್ ಬಿದ್ದ ಜಾಗ, ಸದಾ ಬಿಸಿಯಾದ ಒಂದು ಕೆಟ್ಟ ಪಿಕ್ಸೆಲ್, ಈ ನಾಲ್ಕನ್ನು ಆರಿಸಿ, ಪ್ರತಿ ಹೆಜ್ಜೆಯ ಮಧ್ಯಂತರ ಫಲಿತಾಂಶ ಉಳಿಸಿ, ರ‍್ಯಾಂಪ್ ಮತ್ತು ಗುರುತು ಹೇಗೆ ಬದಲಾದವು ಬಿಡಿಸಿ ನೋಡಿ. ಆಮೇಲೆ ಜಿಗಿತದ ಹೆಜ್ಜೆಯೊಂದನ್ನು ಬಿಟ್ಟು ಮತ್ತೆ ಓಡಿಸಿ ಒಂದರ ಫಲಿತಾಂಶದಿಂದ ಇನ್ನೊಂದರದ್ದನ್ನು ಕಳೆಯಿರಿ. ಹತ್ತು ವಿಡಿಯೊ ನೋಡುವುದಕ್ಕಿಂತ ಇದು ಮೇಲು.

ಅಳತೆ ಪ್ರಕಟಿಸುವಾಗ ಫೈಲಿನ ತಲೆಬರಹವಾದ ಹೆಡರ್‌ನಲ್ಲಿರುವ ಎರಡು ಮಾಹಿತಿ, ಪೈಪ್‌ಲೈನ್ ಆವೃತ್ತಿ ಮತ್ತು ಕಾಂಟೆಕ್ಸ್ಟ್ ಸಂಖ್ಯೆ, ಜೊತೆಗಿರಲೇಬೇಕು. ಐ2ಡಿ ಚಿತ್ರದ ದೋಷಪದರವನ್ನು (ಪ್ರತಿ ಪಿಕ್ಸೆಲ್ಲಿನ ಅಳತೆ ಎಷ್ಟು ತಪ್ಪಿರಬಹುದು ಎಂಬ ಅಂದಾಜನ್ನು) ಹಾಗೇ ನಂಬುವಂತಿಲ್ಲ. ಚೌಕುಳಿ ಬದಲಿಸುವಾಗ ಒಂದು ಪಿಕ್ಸೆಲ್‌ನ ಗದ್ದಲ ಅಕ್ಕಪಕ್ಕಕ್ಕೂ ಹಂಚಿಹೋಗುತ್ತದೆ, ಆ ನಂಟು ದೋಷಪದರದ ಲೆಕ್ಕಕ್ಕೆ ಬಂದಿರುವುದಿಲ್ಲ; ಅದನ್ನೇ ಕೂಡಿಸಿದರೆ ದೋಷ ಕಡಿಮೆ ಬರುತ್ತದೆ. ಖಾಲಿ ಆಕಾಶದಲ್ಲಿ ಅಲ್ಲಲ್ಲಿ ನೂರಾರು ವೃತ್ತಗಳನ್ನಿಟ್ಟು, ಅವುಗಳೊಳಗಿನ ಮೊತ್ತ ಎಷ್ಟು ಚದುರುತ್ತದೆ ಎಂದು ನೋಡಿ ದೋಷ ಅಳೆಯುವುದು ವಾಡಿಕೆ. ವೃತ್ತದ ಗಾತ್ರ ಮಾತ್ರ ಗೆಲಾಕ್ಸಿಯನ್ನು ಅಳೆದ ವೃತ್ತದಷ್ಟೇ ಇರಬೇಕು.