ನಿಲುವಂಗಿ ಒಳಗಿನ ಕಲ್ಲು: ಸಾಮ್ ಬೆಟ್ಟದ ಅಮ್ಮ ಯಾರವಳು?

ವಿಯೆಟ್ನಾಂ ದಕ್ಷಿಣದಲ್ಲಿ, ಕಾಂಬೋಡಿಯಾ ಗಡಿ ಪಕ್ಕದಲ್ಲೇ ಚೌ ಡಾಕ್ ಅಂತ ಊರು. ಅಲ್ಲಿ 284 ಮೀಟರ್ ಎತ್ತರದ ಸಾಮ್ ಬೆಟ್ಟ, ಅದರ ಬುಡದಲ್ಲಿ ವಿನ್ಹ್ ತೇ ಅನ್ನೋ ಹಳ್ಳಿ, ಆ ಹಳ್ಳಿ ಕಾಯೋ ದೇವಿ ಬಾ ಚುವಾ ಸು. ಹೆಸರಿನ ಅರ್ಥ 'ಈ ಸೀಮೆ ಒಡತಿ' ಅಂತ. 2024ರ ಡಿಸೆಂಬರಲ್ಲಿ ಯುನೆಸ್ಕೋ ಇವಳ ಜಾತ್ರೆನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು, ಇವಳು ಯಾರು ಅಂತ ಕೇಳಿದ್ರೆ ಮಾತ್ರ ಒಬ್ಬೊಬ್ರದ್ದು ಒಂದೊಂದು ಉತ್ತರ. 2016ರಲ್ಲಿ ಪಟ್ಟಿ ಸೇರಿದ್ದ, ವಿಯೆಟ್ನಾಮಿನದ್ದೇ ಆದ ಮೂರು ಲೋಕದ ಮಾತೃದೇವತೆಯರ ಆಚರಣೆನೂ ಇದೂ ಒಂದೇ ಅಂದ್ಕೊಳ್ಳೋರು ಬೇರೆ ಇದಾರೆ. ಅಲ್ಲ, ಅದೇ ಬೇರೆ.

ಈ ನೆಲದಲ್ಲಿ ಮೊದಲು ಓಕ್ ಈವೊ ಅನ್ನೋ ಪ್ರಾಚೀನ ಸಂಸ್ಕೃತಿಯ ಕಾಲ, ಆಮೇಲೆ ಖ್ಮೇರರು (ಕಾಂಬೋಡಿಯಾದ ಜನ), ಆಮೇಲೆ ದಕ್ಷಿಣಕ್ಕೆ ಇಳಿದು ಬಂದ ವಿಯೆಟ್ ಜನ, ಜೊತೆಗೆ ಚಾಮರು, ಚೀನೀಯರು. ಸಾವಿರಕ್ಕೂ ಜಾಸ್ತಿ ವರ್ಷನ ಒಂದೇ ಸಾಲಲ್ಲಿ ದಾಟಿಸ್ಬಿಟ್ಟೆ, ಏನ್ ಮಾಡೋದು. 1819ರಿಂದ 1824ರವರೆಗೆ ಥೊವಾಯ್ ನ್ಗೋಕ್ ಹೌ ಅನ್ನೋ ಅಧಿಕಾರಿ ಚೌ ಡಾಕ್‌ನಿಂದ ಹಾ ತಿಯೆನ್ ಕಡೆಗೆ ಸುಮಾರು 87 ಕಿಲೋಮೀಟರ್ ಕಾಲುವೆ ತೋಡಿಸಿದ, ವಿಯೆಟ್, ಖ್ಮೇರ್ ಕೂಲಿಗಳು ಸಾವಿರಗಟ್ಟಲೆ ದುಡಿದ್ರು, ಎಷ್ಟೋ ಜನ ಅಲ್ಲೇ ಸತ್ರು. ಅವನ ಸಮಾಧಿ ಇವತ್ತಿಗೂ ದೇವಿ ಗುಡಿ ಎದುರುಗಡೆನೇ ಇದೆ.

ಊರಿನ ಕಥೆ ಹೀಗಿದೆ. ಮೂರ್ತಿ ಮೊದಲು ಬೆಟ್ಟದ ಮೇಲಿತ್ತಂತೆ, ಸಯಾಮಿನ (ಈಗಿನ ಥಾಯ್ಲೆಂಡ್) ಸೈನಿಕರು ಹೊತ್ಕೊಂಡು ಹೋಗೋಕೆ ನೋಡಿದ್ರು, ಆಗ್ಲಿಲ್ಲ, ಸಿಟ್ಟಿಗೆ ಮೂರ್ತಿಯ ಕೈ ಮುರಿದು ಹೋದ್ರು. ಊರಿನ ಗಂಡಸರು ಕೆಳಗೆ ತರೋಕೆ ಎಷ್ಟು ಜನ ಸೇರಿದ್ರೂ ಅಲ್ಲಾಡ್ಲಿಲ್ಲ, ಆಮೇಲೆ ದೇವಿನೇ ಮೈಮೇಲೆ ಬಂದು ಹೇಳಿದ ಹಾಗೆ ಒಂಬತ್ತು ಜನ ಕನ್ಯೆಯರು ಹೊತ್ತು ತಂದ್ರು, ಬೆಟ್ಟದ ಬುಡಕ್ಕೆ ಬಂದಾಗ ಮತ್ತೆ ಭಾರ ಆಯ್ತು, ಅಲ್ಲೇ ಗುಡಿ ಎದ್ದಿತು. ಮೂರ್ತಿ ಕೂತಿತ್ತು ಅನ್ನೋ ಕಲ್ಲಿನ ಪೀಠ ಇನ್ನೂ ಮೇಲಿದೆ.

1941ರಲ್ಲಿ ಫ್ರೆಂಚ್ ಪುರಾತತ್ವಜ್ಞ ಲೂಯಿ ಮಾಲ್ರೆ ಇದು ಗಂಡು ಮೂರ್ತಿ, ಸುಮಾರು 6ನೇ ಶತಮಾನದ್ದು ಅಂದ. ವಿಷ್ಣು ಇರಬಹುದು ಅಂತ ಆಮೇಲೆ ಕೆಲವರು ಸೇರಿಸಿದ್ರು. ನಮ್ಮ ಕಡೆಯವ್ರಿಗೆ ವಿಷ್ಣು ಅನ್ನೋ ಒಂದು ಪದ ಸಿಕ್ಕರೆ ಸಾಕು, 'ನೋಡಿ ಅಲ್ಲೂ ನಮ್ಮ ದೇವರೇ' ಅಂತ ಶುರು. ಕಲ್ಲು ಯಾವುದೇ ಆಗಿರ್ಲಿ, ಇನ್ನೂರು ವರ್ಷದಿಂದ ಬಣ್ಣ ಬಳಿದು, ಕಿರೀಟ ಇಟ್ಟು, ನಿಲುವಂಗಿ ತೊಡಿಸಿ ಅಮ್ಮಾ ಅಂತ ಕರೆದೋರು ಆ ಊರಿನವ್ರು ತಾನೇ?

ನಿಜವಾದ ತಿರುವು ಬಂದಿದ್ದು 1975ರ ನಂತರ. ಈಗಿರೋ ಹಸಿರು ಹೆಂಚಿನ ದೊಡ್ಡ ಗುಡಿ ಕೆಲಸ 1972ರಲ್ಲಿ ಶುರುವಾಗಿ 1976ರಲ್ಲಿ ಮುಗೀತು, ಅಷ್ಟರಲ್ಲಿ ಸರ್ಕಾರನೇ ಬದಲಾಗಿ ಕಮ್ಯುನಿಸ್ಟರು ಬಂದಿದ್ರು. ಹರಕೆ, ಮೈಮೇಲೆ ಬರೋದು ಎಲ್ಲಾ ಮೂಢನಂಬಿಕೆ ಲೆಕ್ಕಕ್ಕೆ ಹೋಯ್ತು. ಜೊತೆಗೆ ಗಡೀಲಿ ಯುದ್ಧ, 1978ರ ಏಪ್ರಿಲಲ್ಲಿ ಅಲ್ಲೇ ಹತ್ತಿರದ ಬಾ ಚುಕ್‌ನಲ್ಲಿ ಕಾಂಬೋಡಿಯಾ ಆಳ್ತಿದ್ದ ಖ್ಮೇರ್ ರೂಜ್‌ನವ್ರು 3,000ಕ್ಕೂ ಜಾಸ್ತಿ ಜನರನ್ನ ಕೊಂದ್ರು. ಅಂಥ ಕಡೆ ಗಡಿ ಕಾಯೋ ದೇವಿನ ಜನ ಬಿಟ್ಟಾರಾ.

1986ರಲ್ಲಿ ದೋಯ್ ಮೋಯ್ ಅನ್ನೋ ಆರ್ಥಿಕ ಸುಧಾರಣೆ ಬಂದು ಖಾಸಗಿ ವ್ಯಾಪಾರಕ್ಕೆ ದಾರಿ ಬಿಟ್ಟ ಮೇಲೆ ಚಿತ್ರನೇ ಬದಲಾಯ್ತು. ಸೈಗಾನ್ ಕಡೆಯ ಮಾರ್ಕೆಟ್‌ಗಳಲ್ಲಿ ಅಂಗಡಿ ಇಟ್ಟ ಹೆಂಗಸರು ರಾತ್ರಿ ಬಸ್ ಹತ್ತಿ ಬರೋರು, ಈ ವರ್ಷ ವ್ಯಾಪಾರ ಕೈಹಿಡಿದ್ರೆ ಬಂದು ತೀರಿಸ್ತೀನಿ ಅಂತ ಬೇಡ್ಕೊಳ್ಳೋರು, ಮುಂದಿನ ವರ್ಷ ಇಡೀ ಹಂದಿ ರೋಸ್ಟ್ ಮಾಡಿಸ್ಕೊಂಡು ಒಪ್ಪಿಸೋಕೆ ಬರೋರು. ಸಾಲ ಕೊಡೋಕೆ ಬ್ಯಾಂಕ್ ಹಿಂದೆಮುಂದೆ ನೋಡ್ತಿದ್ದ ಕಾಲದಲ್ಲಿ ಮಾತಿಗೆ ತಪ್ಪಬಾರದ ಲೆಕ್ಕ ಇದ್ದಿದ್ದು ಇವಳ ಹತ್ರ ಮಾತ್ರ. ಈಗ ವರ್ಷಕ್ಕೆ 40 ಲಕ್ಷಕ್ಕೂ ಜಾಸ್ತಿ ಜನ ಬರ್ತಾರೆ, ಸುತ್ತ ಬರೀ ಹೋಟೆಲ್, ಒಣಮೀನಿನ ಅಂಗಡಿ.

ಜನ ಬಂದಲ್ಲಿ ಸರ್ಕಾರನೂ ಬಂತು. 2001ರಲ್ಲಿ ರಾಷ್ಟ್ರಮಟ್ಟದ ಜಾತ್ರೆ, 2014ರಲ್ಲಿ ರಾಷ್ಟ್ರೀಯ ಪರಂಪರೆ, ಆಮೇಲೆ ಯುನೆಸ್ಕೋ. ನಿನ್ನೆ ಮೂಢನಂಬಿಕೆ ಆಗಿದ್ದು ಇವತ್ತು ಪರಂಪರೆ, ಮೂರ್ತಿ ಬೆಟ್ಟ ಇಳಿದ ಕಥೆನ ಈಗ ವೇಷ ಹಾಕಿ ಆಡಿ ತೋರಿಸ್ತಾರೆ. ವಿಯೆಟ್, ಖ್ಮೇರ್, ಚಾಮ್, ಚೀನೀ ಎಲ್ಲರದ್ದೂ ಅಂತ ಯುನೆಸ್ಕೋ ಕಾಗದದಲ್ಲಿ ಬರೆದಿದೆ, ಸ್ಟೇಜ್ ಮೇಲೆ ಅಷ್ಟೂ ಜನ ಕಾಣೋದು ನನಗೇನೋ ಅನುಮಾನ.

ಅವರ ಚಾಂದ್ರಮಾನದ ನಾಲ್ಕನೇ ತಿಂಗಳು, 23ರ ನಡುರಾತ್ರಿ ಸ್ನಾನ. ಪರದೆ ಎಳೀತಾರೆ, ಒಳಗೆ ಕೆಲವೇ ಹೆಂಗಸರು, ಪರಿಮಳದ ನೀರಲ್ಲಿ ಕಲ್ಲು ಒರೆಸಿ ಹೊಸ ನಿಲುವಂಗಿ ತೊಡಿಸ್ತಾರೆ. ಗಂಡೋ ಹೆಣ್ಣೋ, ವಿಷ್ಣುನೋ ಅಮ್ಮನೋ, ಕಣ್ಣಾರೆ ನೋಡೋರು ಅವರು ಮಾತ್ರ. ಹೊರಗೆ ನಿಂತಿರೋ ಸಾವಿರಾರು ಜನ ಅದನ್ನ ಕೇಳೋದೂ ಇಲ್ಲ, ಹಳೇ ನಿಲುವಂಗಿಯ ಒಂದು ಚೂರು ಸಿಕ್ಕೀತಾ ಅಂತ ಕೈ ಚಾಚಿರ್ತಾರೆ.