ಐರನ್ ಮೇಡನ್‌ನ ‘ದಿ ಎಕ್ಸ್ ಫ್ಯಾಕ್ಟರ್’ಗೆ ಅಪಖ್ಯಾತಿ ಅಂಟಿಕೊಂಡದ್ದು ಹೇಗೆ?

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ತನ್ನ ಹತ್ತನೆಯ ಸ್ಟುಡಿಯೋ ಆಲ್ಬಂ ‘ದಿ ಎಕ್ಸ್ ಫ್ಯಾಕ್ಟರ್’ ಅನ್ನು 1995ರ ಅಕ್ಟೋಬರ್ 2ರಂದು ಬಿಡುಗಡೆ ಮಾಡಿತು. ಮೂರು ವರ್ಷ ಮೊದಲು ಬಂದಿದ್ದ ‘ಫಿಯರ್ ಆಫ್ ದ ಡಾರ್ಕ್’ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನವನ್ನೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೆಯ ಸ್ಥಾನವನ್ನೂ ಪಡೆದಿತ್ತು. ಹೊಸ ಆಲ್ಬಂ ಬ್ರಿಟನ್ನಿನಲ್ಲಿ 8ನೆಯ ಸ್ಥಾನಕ್ಕೆ ನಿಂತಿತು; ಅಮೆರಿಕದಲ್ಲಿ 147ಕ್ಕಿಂತ ಮೇಲೆ ಏರಲೇ ಇಲ್ಲ. ಆ ಅಂಕಿಗಳೇ ಬಹಳ ಕಾಲ ಈ ಕೃತಿಯ ಮೇಲಿನ ತೀರ್ಪಾಗಿ ಉಳಿದವು. ಬ್ಯಾಂಡಿನ ಚರಿತ್ರೆ ಹೇಳುವವರು ಇದನ್ನು ಒಂದೆರಡು ಸಾಲಿನಲ್ಲಿ ದಾಟಿ ಮುಂದಕ್ಕೆ ಹೋದರು. ಆದರೆ ಐರನ್ ಮೇಡನ್ 2000ದ ನಂತರ ಕಟ್ಟಿಕೊಂಡ ಎರಡನೆಯ ಬದುಕಿನ ಸಂಗೀತಕ್ಕೆ ತಳಹದಿ ಬಿದ್ದದ್ದು ಇದೇ ಆಲ್ಬಂನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಇಷ್ಟು ದಿನ ಏಕೆ ಕಾಣಿಸಲಿಲ್ಲ ಎಂಬುದನ್ನು ತಿಳಿಯಬೇಕಾದರೆ 1993ರಿಂದ ಆರಂಭಿಸಬೇಕಾಗುತ್ತದೆ.

1982ರ ‘ದ ನಂಬರ್ ಆಫ್ ದ ಬೀಸ್ಟ್’ನಿಂದ ಬ್ಯಾಂಡಿನ ದನಿಯಾಗಿದ್ದ ಬ್ರೂಸ್ ಡಿಕಿನ್ಸನ್ 1993ರಲ್ಲಿ ಹೊರನಡೆದರು. ಹೋಗುವುದಾಗಿ ಮೊದಲೇ ತಿಳಿಸಿ, ಆ ಬಳಿಕವೂ ಒಂದು ಪ್ರವಾಸವನ್ನು ಪೂರೈಸಿ, ಆಗಸ್ಟ್ 28ರಂದು ಪೈನ್‌ವುಡ್ ಸ್ಟುಡಿಯೋದಲ್ಲಿ ಕೊನೆಯ ಬಾರಿ ಹಾಡಿ ಅವರು ಬೀಳ್ಕೊಂಡರು. ಹೆವಿ ಮೆಟಲ್‌ನಲ್ಲಿ ಗಾಯಕ ಬದಲಾಗುವುದೆಂದರೆ ಗಿಟಾರ್ ವಾದಕ ಬದಲಾದಂತಲ್ಲ. ಕೇಳುಗನ ಪಾಲಿಗೆ ಆ ದನಿಯೇ ಬ್ಯಾಂಡು. ಅದರ ಹಿಂದಿನ ವರ್ಷವಷ್ಟೇ ರಾಬ್ ಹ್ಯಾಲ್‌ಫರ್ಡ್ ಜೂಡಸ್ ಪ್ರೀಸ್ಟ್ ತೊರೆದಿದ್ದರು. ಹೀಗೆ ಬ್ರಿಟಿಷ್ ಹೆವಿ ಮೆಟಲ್‌ನ ಎರಡು ದೊಡ್ಡ ಮನೆಗಳು ಏಕಕಾಲಕ್ಕೆ ತಮ್ಮ ಮುಖ್ಯ ಗಾಯಕರನ್ನು ಕಳೆದುಕೊಂಡು ನಿಂತವು.

ಕಾಲವೂ ಅವರ ಕಡೆಗಿರಲಿಲ್ಲ. ಸಿಯಾಟಲ್‌ನಿಂದ ಬಂದ ಗ್ರಂಜ್ ಎಂಬ ಒರಟು ರಾಕ್ ಸಂಗೀತದ ಅಲೆ ಅಮೆರಿಕದ ರೇಡಿಯೋ ಮತ್ತು ಟೆಲಿವಿಷನ್ನಿನಿಂದ ಹಳೆಯ ಮೆಟಲ್ ಬ್ಯಾಂಡುಗಳನ್ನು ಬದಿಗೆ ಸರಿಸಿತ್ತು. ಮೆಟಲ್ ಕೇಳುವ ಹೊಸ ಪೀಳಿಗೆ ಪ್ಯಾಂಟೆರಾದಂಥ ಒರಟು ಸದ್ದಿಗೆ ಒಲಿದಿತ್ತು. ಆ ಬ್ಯಾಂಡಿನ ‘ಫಾರ್ ಬಿಯಾಂಡ್ ಡ್ರಿವನ್’ 1994ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇ ಏರಿತ್ತು. 1995ರ ಬೇಸಿಗೆಯಲ್ಲಿ ಬ್ರಿಟನ್ನಿನ ಪತ್ರಿಕೆಗಳಿಗೆ ಬ್ಲರ್ ಮತ್ತು ಒಯಾಸಿಸ್ ಎಂಬ ಎರಡು ಬ್ಯಾಂಡುಗಳ ನಡುವಿನ ಪೈಪೋಟಿಯೇ ಸಾಕಾಗಿತ್ತು. ಇಂಥ ಹೊತ್ತಿನಲ್ಲಿ ಹನ್ನೊಂದು ನಿಮಿಷದ ಹಾಡಿನಿಂದ ಆರಂಭವಾಗಿ ಎಪ್ಪತ್ತು ನಿಮಿಷ ಮೀರುವ, ಉದ್ದಕ್ಕೂ ಮಬ್ಬು ಕವಿದ ಆಲ್ಬಂ ಒಂದನ್ನು ಮುಂದಿಡುವುದಕ್ಕೆ ನಿಜಕ್ಕೂ ಎದೆಗಾರಿಕೆ ಬೇಕಿತ್ತು.

ಡಿಕಿನ್ಸನ್ ಜಾಗಕ್ಕೆ 1994ರಲ್ಲಿ ಬಂದವರು ಬ್ಲೇಜ್ ಬೇಲಿ. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ವುಲ್ಫ್ಸ್‌ಬೇನ್ ಬ್ಯಾಂಡಿನಲ್ಲಿ ಹಾಡುತ್ತಿದ್ದ ಅವರು ಮೇಡನ್‌ಗೆ ಅಪರಿಚಿತರೇನಲ್ಲ. 1990ರ ಪ್ರವಾಸದಲ್ಲಿ ಮೇಡನ್‌ಗಿಂತ ಮುಂಚೆ ವೇದಿಕೆಯೇರುತ್ತಿದ್ದ ಬ್ಯಾಂಡು ಅದು. ಆದರೆ ಇಬ್ಬರು ಗಾಯಕರ ಕಂಠಗಳ ಸ್ವಭಾವವೇ ಬೇರೆ. ಡಿಕಿನ್ಸನ್ ಅವರದು ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ನಿಂತು ದೂರದವರೆಗೆ ಚಾಚುವ ದನಿ; ಬೇಲಿಯವರದು ಕೆಳಗಿನ ಸ್ವರಗಳಲ್ಲಿ ತುಂಬಿಕೊಳ್ಳುವ, ಸ್ವಲ್ಪ ಒರಟಾದ, ಬಣ್ಣದಲ್ಲಿ ಗಾಢವಾದ ದನಿ. ಮೇಡನ್ ತನ್ನ ಹಳೆಯ ಹಾಡುಗಳ ಶ್ರುತಿಯನ್ನು ಹೊಸ ಗಾಯಕನಿಗಾಗಿ ಇಳಿಸಲಿಲ್ಲ. ಹೀಗಾಗಿ ಡಿಕಿನ್ಸನ್ ಕಂಠಕ್ಕೆಂದೇ ಕಟ್ಟಿದ್ದ ಪಲ್ಲವಿಗಳನ್ನು ಬೇಲಿ ರಾತ್ರಿಯಿಂದ ರಾತ್ರಿಗೆ ಅದೇ ಎತ್ತರದಲ್ಲಿ ಹಾಡಬೇಕಾಯಿತು. ಅವರ ಕುರಿತ ಹೆಚ್ಚಿನ ದೂರುಗಳು ಹುಟ್ಟಿದ್ದು ಈ ವೇದಿಕೆಗಳಲ್ಲಿ, ಬೇರೊಬ್ಬರ ಹಾಡುಗಳಲ್ಲಿ. ಆ ದೂರುಗಳನ್ನು ಜನರು ಅವರಿಗಾಗಿಯೇ ಬರೆದ ಆಲ್ಬಂನ ಮೇಲೂ ಹೊರಿಸಿಬಿಟ್ಟರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಸಂಗತಿ ಇದು.

ಧ್ವನಿಮುದ್ರಣದ ಕಥೆಗೂ ಇಲ್ಲಿ ಪಾತ್ರವಿದೆ. 1981ರ ‘ಕಿಲ್ಲರ್ಸ್’ನಿಂದ ಮೇಡನ್‌ನ ಎಲ್ಲ ಸ್ಟುಡಿಯೋ ಆಲ್ಬಂಗಳನ್ನು ನಿರ್ಮಿಸಿದ್ದ ಮಾರ್ಟಿನ್ ಬರ್ಚ್ ‘ಫಿಯರ್ ಆಫ್ ದ ಡಾರ್ಕ್’ ನಂತರ ನಿವೃತ್ತರಾದರು. ಬೇಸ್ ವಾದಕರೂ ಬ್ಯಾಂಡಿನ ಸ್ಥಾಪಕರೂ ಆದ ಸ್ಟೀವ್ ಹ್ಯಾರಿಸ್, ಎಸೆಕ್ಸ್‌ನ ತಮ್ಮ ಮನೆಯ ಆವರಣದಲ್ಲಿದ್ದ ಬಾರ್ನ್‌ಯಾರ್ಡ್ ಸ್ಟುಡಿಯೋದಲ್ಲಿ ನೈಜೆಲ್ ಗ್ರೀನ್ ಜೊತೆ ಸೇರಿ ನಿರ್ಮಾಣದ ಹೊಣೆ ಹೊತ್ತರು. ಫಲಿತಾಂಶ ಒಣಗಿದ ಸದ್ದು. ಗಿಟಾರುಗಳು ಹಿಂದೆ ಸರಿದಿವೆ, ಬೇಸ್ ಮತ್ತು ಡ್ರಮ್ಸ್ ಮುಂದಿವೆ, ಗಾಯಕನ ದನಿಗೆ ಪ್ರತಿಧ್ವನಿಯ ಆಸರೆ ಬಹಳ ಕಡಿಮೆ. ಬರ್ಚ್ ಕಾಲದ ಮೇಡನ್ ವಿಶಾಲ ಸಭಾಂಗಣದಲ್ಲಿ ಮೊಳಗಿದಂತೆ ಕೇಳಿಸುತ್ತಿತ್ತು; ಇಲ್ಲಿ ಐದು ಜನ ಚಿಕ್ಕ ಕೋಣೆಯೊಂದರಲ್ಲಿ ಕೇಳುಗನ ಎದುರೇ ಕುಳಿತಂತಿದೆ. ಇದು ಕೊರತೆಯೇ ಎಂದು ಕೇಳಿದರೆ, ವೇಗದ ಹಾಡುಗಳಲ್ಲಿ ಹೌದು ಎಂದೇ ಹೇಳಬೇಕು. ‘ಮ್ಯಾನ್ ಆನ್ ದಿ ಎಡ್ಜ್’ ಇನ್ನಷ್ಟು ಭರ್ಜರಿಯಾದ ಗಿಟಾರ್ ಸದ್ದನ್ನು ಬೇಡುವ ಹಾಡು. ಆದರೆ ನಿಧಾನದ ಹಾಡುಗಳಿಗೆ ಈ ಒಣತನ ಒಗ್ಗುತ್ತದೆ, ಏಕೆಂದರೆ ಅವುಗಳ ಒಳಗಿರುವುದೇ ಏಕಾಂತ.

ಆ ಏಕಾಂತಕ್ಕೆ ಕಾರಣವೂ ಇತ್ತು. ಆಲ್ಬಂ ರೂಪುಗೊಂಡ ದಿನಗಳಲ್ಲಿ ಹ್ಯಾರಿಸ್ ಅವರ ದಾಂಪತ್ಯ ಮುರಿದುಬಿದ್ದಿತ್ತು, ಬ್ಯಾಂಡು ತನ್ನ ಪ್ರಮುಖ ದನಿಯನ್ನು ಕಳೆದುಕೊಂಡಿತ್ತು. ಇತಿಹಾಸ, ಪುರಾಣ, ಯುದ್ಧಕಥೆಗಳ ಮರೆಯಲ್ಲಿ ನಿಂತು ಬರೆಯುತ್ತ ಬಂದಿದ್ದ ಹ್ಯಾರಿಸ್ ಇಲ್ಲಿ ಮರೆಯಿಂದ ಹೊರಗೆ ಬರುತ್ತಾರೆ. ಅವರೊಬ್ಬರೇ ಬರೆದ ‘ಜಡ್ಜ್‌ಮೆಂಟ್ ಆಫ್ ಹೆವನ್’ನಲ್ಲಿ, ಬಹುಕಾಲದಿಂದ ಖಿನ್ನನಾಗಿರುವ ವ್ಯಕ್ತಿ ಬದುಕನ್ನು ಮುಗಿಸಿಕೊಳ್ಳುವ ಯೋಚನೆ ತನಗೆ ಹಲವು ಬಾರಿ ಬಂದದ್ದನ್ನೂ ಆ ದಾರಿಯನ್ನು ತಾನು ಒಪ್ಪದಿರುವುದನ್ನೂ ನೇರವಾಗಿ ಹೇಳಿಕೊಳ್ಳುತ್ತಾನೆ. ಮೇಡನ್ ಅದುವರೆಗೆ ಬರೆದ ಯಾವ ಹಾಡಿನಲ್ಲೂ ಇಷ್ಟು ಬಿಚ್ಚುಮಾತು ಇರಲಿಲ್ಲ. ವಿಶೇಷವೆಂದರೆ, ಈ ಮಾತುಗಳನ್ನು ಹೊತ್ತ ಸಂಗೀತ ಆಲ್ಬಂನ ಅತ್ಯಂತ ಲವಲವಿಕೆಯ ರಾಗಗಳಲ್ಲೊಂದು.

ಆಲ್ಬಂ ತೆರೆಯುವ ‘ಸೈನ್ ಆಫ್ ದ ಕ್ರಾಸ್’ ಅನ್ನು ಸ್ವಲ್ಪ ಹತ್ತಿರದಿಂದ ಕೇಳಬೇಕು. ಮೊದಲು ಕೇಳಿಬರುವುದು ಕ್ರೈಸ್ತ ಮಠಗಳ ಪಠಣವನ್ನು ನೆನಪಿಸುವ ವೃಂದಗಾಯನ. ಅದರ ಕೆಳಗಿನಿಂದ ಹ್ಯಾರಿಸ್ ಅವರ ಬೇಸ್ ತೀರಾ ಮೆಲ್ಲಗೆ ಮೇಲೇಳುತ್ತದೆ. ಡ್ರಮ್ಸ್ ವಾದಕ ನಿಕೊ ಮೆಕ್‌ಬ್ರೇನ್ ಸಿಂಬಲ್ ಮೇಲೆ ಹಗುರವಾಗಿ ಲಯ ಹಿಡಿಯುತ್ತಾರೆ. ಬೇಲಿ ಹಾಡಲು ತೊಡಗಿದಾಗ ಅದು ಹಾಡಿಗಿಂತ ಪಿಸುಮಾತಿಗೆ ಹತ್ತಿರ. ಹೊಸ ಗಾಯಕನೊಬ್ಬ ಸಾವಿರಾರು ಕೇಳುಗರೆದುರು ತನ್ನ ಮೊದಲ ಸಾಲನ್ನು ಇಷ್ಟು ತಗ್ಗಿದ ದನಿಯಲ್ಲಿ ಇಡುವುದು ಸಾಮಾನ್ಯ ನಿರ್ಧಾರವಲ್ಲ. ನಂತರ ಗಿಟಾರುಗಳು ಒಟ್ಟಾಗಿ ಬೀಳುತ್ತವೆ, ಪಲ್ಲವಿ ಬರುತ್ತದೆ, ನಡುವೆ ಹಾಡು ಮತ್ತೊಮ್ಮೆ ಬಹುತೇಕ ಮೌನಕ್ಕಿಳಿದು, ಅಲ್ಲಿಂದ ಹಂತಹಂತವಾಗಿ ವಾದ್ಯಭಾಗವನ್ನು ಕಟ್ಟಿಕೊಂಡು ಮೇಲೇರುತ್ತದೆ. ಹನ್ನೊಂದು ನಿಮಿಷಗಳಲ್ಲಿ ಒಂದೂ ಪೋಲಾಗಿಲ್ಲ. ಮುಂದೆ ಬ್ಯಾಂಡಿಗೆ ಮರಳಿ ಇದನ್ನು ಹಾಡಿದ ಡಿಕಿನ್ಸನ್ ಈ ಪಿಸುಮಾತನ್ನು ನಾಟಕೀಯವಾಗಿ ನುಡಿಯುತ್ತಿದ್ದರು. ಬೇಲಿಯವರ ದನಿಯಲ್ಲಿ ಮಾತ್ರ ಅದು ವಿಚಾರಣೆಗೆ ಒಳಗಾದ ಮನುಷ್ಯನ ಅಳುಕಿನಂತೆ ಕೇಳುತ್ತದೆ.

ಉಳಿದ ಹಾಡುಗಳಲ್ಲಿ ಯುದ್ಧ ಮತ್ತೆ ಮತ್ತೆ ಬರುತ್ತದೆ, ಆದರೆ ಬ್ಯಾಂಡಿನ ಹಳೆಯ ಹಾಡು ‘ದ ಟ್ರೂಪರ್’ನಲ್ಲಿ ಬಂದಂತೆ ಅಲ್ಲ. ಅಲ್ಲಿ ಕುದುರೆಯ ಓಟವಿತ್ತು, ರಣರಂಗದ ಕಾವಿತ್ತು. ‘ಫಾರ್ಚೂನ್ಸ್ ಆಫ್ ವಾರ್’ ಹಿಂತಿರುಗಿ ಬಂದ ಸೈನಿಕನ ಮನಸ್ಸಿನ ಗಾಯವನ್ನು ಹೇಳುತ್ತದೆ. ‘ದಿ ಆಫ್ಟರ್‌ಮ್ಯಾತ್’ ಯುದ್ಧ ಮುಗಿದ ಮೇಲೆ ಯೋಧನಿಗೆ ಉಳಿಯುವುದೇನು ಎಂದು ಕೇಳುತ್ತದೆ. ದೀರ್ಘವಾದ ಬೇಸ್ ವಾದನದಿಂದ ಆರಂಭವಾಗುವ ‘ಬ್ಲಡ್ ಆನ್ ದ ವರ್ಲ್ಡ್ಸ್ ಹ್ಯಾಂಡ್ಸ್’ ಹಿಂಸೆಯನ್ನು ನೋಡಿಯೂ ಸುಮ್ಮನಿರುವ ಜಗತ್ತನ್ನು ದೂರುತ್ತದೆ. ‘2 ಎ.ಎಂ.’ ಇವೆಲ್ಲವುಗಳಿಗಿಂತ ಚಿಕ್ಕ ಜಗತ್ತಿನ ಹಾಡು. ನಡುರಾತ್ರಿ ಕಳೆದ ಮೇಲೆ ಮನೆಗೆ ಮರಳಿ, ಟೆಲಿವಿಷನ್ ಮುಂದೆ ಒಬ್ಬನೇ ಕುಳಿತು, ನಾಳೆಯೂ ಇದೇ ದಿನಚರಿ ಎಂದು ಯೋಚಿಸುವ ದುಡಿಮೆಗಾರನೊಬ್ಬನ ಬೇಸರವಷ್ಟೇ ಅದರ ವಸ್ತು. ರಾಕ್ಷಸರು, ಫರೋಗಳು, ಭವಿಷ್ಯ ನುಡಿಯುವವರು ತುಂಬಿದ್ದ ಬ್ಯಾಂಡಿನ ಲೋಕಕ್ಕೆ ಇಂಥ ಮನುಷ್ಯ ಬಂದದ್ದನ್ನು ಆಗ ಗಮನಿಸಿದವರು ಕಡಿಮೆ.

ಮುಖಪುಟದಲ್ಲೂ ಈ ಬದಲಾವಣೆ ಕಾಣುತ್ತದೆ. ಬ್ಯಾಂಡಿನ ಲಾಂಛನವಾದ ಎಡ್ಡಿ ಅದುವರೆಗೆ ಬಣ್ಣದ ಚಿತ್ರದಲ್ಲಿ ಹೆಚ್ಚಾಗಿ ಗೆಲುವಿನ ಭಂಗಿಯಲ್ಲಿರುತ್ತಿದ್ದ. ಇಲ್ಲಿ ಕಲಾವಿದ ಹ್ಯೂ ಸೈಮ್ ಅವನನ್ನು ನಿಜವಾದ ಆಕೃತಿಯೆಂಬಂತೆ ರೂಪಿಸಿ, ಯಂತ್ರವೊಂದರಲ್ಲಿ ಸಿಕ್ಕಿಸಿ ಸೀಳುತ್ತಿರುವಂತೆ ತೋರಿಸಿದರು.

ದೋಷಗಳನ್ನು ಮುಚ್ಚಿಟ್ಟು ಈ ಆಲ್ಬಂ ಪರ ವಾದಿಸುವ ಅಗತ್ಯವಿಲ್ಲ. ಹನ್ನೊಂದು ಹಾಡುಗಳಲ್ಲಿ ಹಲವು ಒಂದೇ ರೀತಿಯಲ್ಲಿ ತೊಡಗುತ್ತವೆ: ಮೆಲ್ಲನೆಯ ಬೇಸ್ ಅಥವಾ ಗಿಟಾರ್, ತಗ್ಗಿದ ದನಿಯಲ್ಲಿ ಒಂದು ಚರಣ, ಆಮೇಲೆ ಏಕಾಏಕಿ ಅಬ್ಬರ. ಆಲ್ಬಂ ನಡುಭಾಗಕ್ಕೆ ಬರುವ ಹೊತ್ತಿಗೆ ಮುಂದೇನು ಬರುತ್ತದೆಂದು ಕೇಳುಗನಿಗೆ ತಿಳಿದುಬಿಡುತ್ತದೆ. ‘ಲುಕ್ ಫಾರ್ ದ ಟ್ರೂತ್’ ಈ ಕ್ರಮಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಅದೇ ದಿನಗಳಲ್ಲಿ ಮುದ್ರಿಸಿ ಸಿಂಗಲ್ ಎಂಬ ಬಿಡಿಹಾಡಿನ ತಟ್ಟೆಗಳ ಹಿಂಬದಿಗೆ ಹಾಕಿದ ‘ಜಸ್ಟಿಸ್ ಆಫ್ ದ ಪೀಸ್’ ಅಥವಾ ‘ಜಡ್ಜ್‌ಮೆಂಟ್ ಡೇ’ ಆ ಜಾಗದಲ್ಲಿದ್ದಿದ್ದರೆ ಆಲ್ಬಂನ ನಡುಭಾಗ ಬೇಗ ಸಾಗುತ್ತಿತ್ತು. ಎಪ್ಪತ್ತು ನಿಮಿಷಗಳನ್ನು ಐವತ್ತೈದಕ್ಕೆ ಇಳಿಸುವ ಕಠಿಣ ಕೈಯೊಂದು ಆಗ ಬೇಕಿತ್ತು. ಬರ್ಚ್ ಇರಲಿಲ್ಲ, ಹ್ಯಾರಿಸ್‌ಗೆ ತಮ್ಮದೇ ಹಾಡುಗಳನ್ನು ಕತ್ತರಿಸುವ ಮನಸ್ಸಿರಲಿಲ್ಲ ಎಂದು ನನಗನಿಸುತ್ತದೆ.

ಬಿಡುಗಡೆಯ ನಂತರದ ಪ್ರವಾಸ ಅಪಖ್ಯಾತಿಯನ್ನು ಗಟ್ಟಿಗೊಳಿಸಿತು. ಅಮೆರಿಕದಲ್ಲಿ ಸಭಾಂಗಣಗಳು ಚಿಕ್ಕವಾದವು; ಬೇಲಿಯವರ ಗಂಟಲು ಕೈಕೊಟ್ಟು ಕೆಲವು ಕಾರ್ಯಕ್ರಮಗಳು ರದ್ದಾದವು. 1998ರ ‘ವರ್ಚುವಲ್ ಇಲೆವೆನ್’ ಇದಕ್ಕಿಂತ ಬಹಳ ದುರ್ಬಲವಾದ ಕೃತಿ. 1999ರ ಆರಂಭದಲ್ಲಿ ಬೇಲಿ ಬ್ಯಾಂಡಿನಿಂದ ಹೊರಹೋದರು, ಡಿಕಿನ್ಸನ್ ಮತ್ತು ಹಿಂದೆ ಬ್ಯಾಂಡಿನ ಗಿಟಾರ್ ವಾದಕರಾಗಿದ್ದ ಏಡ್ರಿಯನ್ ಸ್ಮಿತ್ ಮರಳಿದರು, 2000ದಲ್ಲಿ ‘ಬ್ರೇವ್ ನ್ಯೂ ವರ್ಲ್ಡ್’ ಬಂತು. ಮರಳಿ ಬಂದವರ ಸಂಭ್ರಮದಲ್ಲಿ ಬೇಲಿಯವರ ಎರಡು ಆಲ್ಬಂಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಲಾಯಿತು. ಅವೆರಡರ ನಡುವಿನ ಗುಣಮಟ್ಟದ ಅಂತರವನ್ನು ಯಾರೂ ಅಳೆಯಲು ಹೋಗಲಿಲ್ಲ.

ಮರುಮೌಲ್ಯಮಾಪನ ಬ್ಯಾಂಡಿನ ವೇದಿಕೆಯಿಂದಲೇ ಆರಂಭವಾದದ್ದು ಗಮನಾರ್ಹ. 2001ರ ಜನವರಿಯಲ್ಲಿ ರಿಯೊ ಡಿ ಜನೈರೊದ ಭಾರಿ ಜನಸಾಗರದ ಎದುರು ಡಿಕಿನ್ಸನ್ ‘ಸೈನ್ ಆಫ್ ದ ಕ್ರಾಸ್’ ಹಾಡಿದರು; ಮರುವರ್ಷ ‘ರಾಕ್ ಇನ್ ರಿಯೊ’ ಧ್ವನಿಮುದ್ರಣವಾಗಿ ಅದು ಹೊರಬಂದಾಗ, ಮೂಲ ಆಲ್ಬಂ ಕೇಳದಿದ್ದವರೂ ಈ ಹಾಡು ಎಲ್ಲಿತ್ತು ಎಂದು ಹುಡುಕಿಕೊಂಡು ಹೋದರು. 2003ರ ಪ್ರವಾಸದಲ್ಲಿ ‘ಲಾರ್ಡ್ ಆಫ್ ದ ಫ್ಲೈಸ್’ ಮರಳಿತು. 2018ರಲ್ಲಿ ಆರಂಭವಾದ ‘ಲೆಗಸಿ ಆಫ್ ದ ಬೀಸ್ಟ್’ ಪ್ರವಾಸದಲ್ಲಿ ‘ಸೈನ್ ಆಫ್ ದ ಕ್ರಾಸ್’ ಮತ್ತೆ ಕೇಳಿಸಿತು. ಕೆಟ್ಟ ಕಾಲದ ಹಾಡೆಂದು ಬ್ಯಾಂಡು ನಿಜವಾಗಿ ನಂಬಿದ್ದರೆ ಕಾಲು ಶತಮಾನದ ಬಳಿಕ ಅದನ್ನು ಹೊತ್ತು ತಿರುಗುತ್ತಿರಲಿಲ್ಲ. ಹ್ಯಾರಿಸ್ ಅಂತೂ ಈ ಆಲ್ಬಂ ತಮಗೆ ಅತ್ಯಂತ ಪ್ರಿಯವಾದವುಗಳಲ್ಲಿ ಒಂದೆಂದು ಸಂದರ್ಶನಗಳಲ್ಲಿ ಹೇಳುತ್ತಲೇ ಬಂದಿದ್ದಾರೆ.

ಇದಕ್ಕಿಂತ ಬಲವಾದ ಸಾಕ್ಷ್ಯ 2006ರ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’. ಮೆಲ್ಲನೆ ತೆರೆದುಕೊಳ್ಳುವ ದೀರ್ಘ ಹಾಡುಗಳು, ಯುದ್ಧ ಮತ್ತು ಧರ್ಮದ ಕುರಿತ ಕಹಿ, ಹೊಳಪು ಹಚ್ಚದ ಸದ್ದು, ಎಪ್ಪತ್ತು ನಿಮಿಷ ದಾಟುವ ಅವಧಿ, ಇವಿಷ್ಟೂ 1995ರಲ್ಲೇ ಇದ್ದವು. ಆಗ ಏಕತಾನತೆ ಎಂದು ಕರೆಸಿಕೊಂಡ ಗುಣಗಳನ್ನೇ ಹನ್ನೊಂದು ವರ್ಷಗಳ ನಂತರ ವಿಮರ್ಶಕರು ಪ್ರಬುದ್ಧತೆ ಎಂದು ಹೊಗಳಿದರು. 2006ರ ಆಲ್ಬಂನಲ್ಲಿ ಮೂರು ಗಿಟಾರುಗಳಿವೆ, ಡಿಕಿನ್ಸನ್ ಇದ್ದಾರೆ, ಹಾಡುಗಳ ಒಳಗಿನ ವೈವಿಧ್ಯವೂ ಹೆಚ್ಚಿದೆ, ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಆ ದಾರಿಯನ್ನು ಮೊದಲು ತುಳಿದ ಕೃತಿಗೂ ಅದರ ಪಾಲು ಸಲ್ಲಬೇಕು.

ಡಿಕಿನ್ಸನ್ ಮರಳಿದ ಬಳಿಕ ಈ ಆಲ್ಬಂನಿಂದ ಮೇಡನ್ ವೇದಿಕೆಗೆ ತಂದದ್ದು ‘ಸೈನ್ ಆಫ್ ದ ಕ್ರಾಸ್’, ‘ಲಾರ್ಡ್ ಆಫ್ ದ ಫ್ಲೈಸ್’, ‘ಮ್ಯಾನ್ ಆನ್ ದಿ ಎಡ್ಜ್’ ಹಾಡುಗಳನ್ನು ಮಾತ್ರ. ಆ ಮೂರನ್ನಷ್ಟೇ ಬಲ್ಲವರು ಆಲ್ಬಂನ ಕೊನೆಯ ಹಾಡಾದ ‘ದಿ ಅನ್‌ಬಿಲೀವರ್’ ಅನ್ನು ಒಮ್ಮೆ ಕೇಳಬೇಕು. ಎಡವಿದಂತೆ ನಡೆಯುವ ಅದರ ಲಯ, ಚರಣಗಳ ನಡುವೆ ತಟ್ಟನೆ ತಿಳಿಯಾಗುವ ಗಿಟಾರ್, ತನ್ನಲ್ಲೇ ನಂಬಿಕೆ ಕಳೆದುಕೊಂಡವನ ಪ್ರಶ್ನೆಗಳು, ಇವು ಬೇಲಿಯವರ ದನಿಗೆ ಹೊಂದಿದಷ್ಟು ಬೇರೆ ಯಾರ ದನಿಗೂ ಹೊಂದಲಾರವು.