ಎರಿ ಮಣ್ಣಿನಲ್ಲಿ ಗೋರಿ ಹುಡುಕುವಾಗ

ನೆಲ ಅಗೆಯದೆ ಒಳಗೇನಿದೆ ಅಂತ ಯಂತ್ರದಿಂದ ಅಳೆಯುವುದು ನನ್ನ ಕೆಲಸ. ಖಬರಸ್ತಾನದ ಪಕ್ಕದ ಹೊಲದಲ್ಲಿ ಹಗ್ಗ ಎಳೆದು 20 ಮೀಟರ್ ಚೌಕ ಹಾಕಿದರೆ ಸಾಕು, ಜನ ಸೇರುತ್ತಾರೆ. ವಿಜಯಪುರದ ಸುತ್ತ ಎಲ್ಲೇ ಹೋದರೂ ಮೊದಲ ಪ್ರಶ್ನೆ ಒಂದೇ: "ಸಾಹೇಬ್ರ, ಇದರಾಗ ಬಂಗಾರ ಕಾಣತೈತೇನ್ರಿ?"

ಬಂಗಾರವೂ ಕಾಣುವುದಿಲ್ಲ, ಎಲುಬೂ ಕಾಣುವುದಿಲ್ಲ. ಒಂದು ಕಡೆಯ ಮಣ್ಣಿಗೂ ಪಕ್ಕದ ಮಣ್ಣಿಗೂ ಏನು ಫರಕು ಅನ್ನುವುದಷ್ಟೇ ಯಂತ್ರಕ್ಕೆ ಗೊತ್ತಾಗುವುದು.

ಎರಿ ಹೊಲದಲ್ಲಿ, ಅಂದರೆ ಜಿಗುಟಾದ ಕಪ್ಪು ಮಣ್ಣಿನಲ್ಲಿ, ಆ ಫರಕು ಸಿಗುವುದೇ ಕಷ್ಟ. ಗುಂಡಿ ತೋಡಿದ ಮಣ್ಣನ್ನೇ ಮತ್ತೆ ಗುಂಡಿಗೆ ತುಂಬಿರುತ್ತಾರೆ. ಅದು ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಟ್ಟು, ವರ್ಷ ಕಳೆದಂತೆ ಗುಂಡಿಯ ಅಂಚನ್ನೇ ಅಳಿಸಿಬಿಡುತ್ತದೆ. ಟಿವಿಯಲ್ಲಿ ತೋರಿಸುವ, ನೆಲದೊಳಗೆ ರೇಡಿಯೋ ಅಲೆ ಬಿಡುವ ರಾಡಾರ್ ಗಾಡಿ ಉಸುಕಿನ ನೆಲಕ್ಕೆ ಸರಿ. ಹಸಿ ಎರಿಯಲ್ಲಿ ಅದರ ಅಲೆ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಸತ್ತುಹೋಗುತ್ತದೆ. ನೆಲದ ಕಾಂತಗುಣ ಅಳೆಯುವ ಮ್ಯಾಗ್ನೆಟೋಮೀಟರ್ ತಂದರೆ ಇನ್ನೊಂದು ಗೋಳು. ನಮ್ಮ ಕರಿಕಲ್ಲು ಲಾವಾ ಆರಿ ಆದದ್ದು, ಅದಕ್ಕೇ ಕಾಂತಗುಣ ಇದೆ. ಹೊಲದ ಕಲ್ಲುಗಳೆಲ್ಲ ನಕ್ಷೆಯಲ್ಲಿ ಚುಕ್ಕೆ ಇಡುತ್ತವೆ.

ಹಾಗಾಗಿ ನಾನು ಜಾಸ್ತಿ ನಂಬುವುದು ರೆಸಿಸ್ಟಿವಿಟಿಯನ್ನು. ಕಬ್ಬಿಣದ ಕಡ್ಡಿ ಚುಚ್ಚಿ, ಸಣ್ಣ ಕರೆಂಟ್ ಬಿಟ್ಟು, ನೆಲ ಎಷ್ಟು ತಡೆಯುತ್ತದೆ ಅಂತ ಅಳೆಯುವುದು. ಹಸಿ ಎರಿ ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಕಲ್ಲು ಬಿಡುವುದಿಲ್ಲ. ಕಲ್ಲು ಕಟ್ಟಿದ ಗೋರಿ, ಗೋಡೆಯ ಪಾಯ, ಆದಿಲ್‌ಶಾಹಿ ಕಾಲದ ನೀರಿನ ಸುರಂಗ ಎದ್ದು ಕಾಣುವುದು ಇದರಿಂದ. ಗೋರಿಯ ಅಗಲ ಮೀಟರಿಗೂ ಕಡಿಮೆ. ಅದಕ್ಕೆ ಅರ್ಧ ಮೀಟರಿಗೊಂದು ಅಳತೆ ಬೇಕು, ಒಂದು ಚೌಕಕ್ಕೆ 1600. ಸೊಂಟ ಹೋಗುತ್ತದೆ! ಮೇ ತಿಂಗಳಲ್ಲಂತೂ ಹೋಗಬೇಡಿ, ಕಡ್ಡಿ ಬಿರುಕಿನಲ್ಲಿ ಜೋಲಾಡಿ ಸುಮ್ನೆ ದಿನ ಹಾಳು.

ಆಕಾರ, ದಿಕ್ಕು ಎರಡನ್ನೂ ನೋಡಬೇಕು. ಮುಸ್ಲಿಮರ ಗೋರಿ ತೆಂಕು-ಬಡಗಾಗಿ ಉದ್ದಕ್ಕಿರುತ್ತದೆ, ಮುಖ ಪಡುವಣಕ್ಕೆ. ಲಿಂಗಾಯತರು ಕೂರಿಸಿ ಹೂಳುತ್ತಾರೆ, ಅಲ್ವಾ? ಆ ಗುಂಡಿ ಅಷ್ಟು ಉದ್ದ ಇರುವುದಿಲ್ಲ.

ಒಮ್ಮೆ ಕಂಪೌಂಡ್ ಕಟ್ಟುವ ಮೊದಲು ಹಳೆಯ ಗೋರಿಗಳು ಗಡಿ ದಾಟಿ ಹೊಲಕ್ಕೂ ಬಂದಿವೆಯೇ ಅಂತ ನೋಡಲು ಕರೆದಿದ್ದರು. ನಕ್ಷೆಯಲ್ಲಿ ಅಡ್ಡಲಾಗಿ ಒಂದು ದಪ್ಪ ಗೆರೆ ಬಂತು. ಹಳೇ ಕೋಟೆಗೋಡೆಯ ಪಾಯ ಇರಬೇಕೆಂದು ಹಿಗ್ಗಿ, ವರದಿಯನ್ನೂ ಅರ್ಧ ಬರೆದಿದ್ದೆ. ಹೊಲದ ಅಜ್ಜ ಲ್ಯಾಪ್‌ಟಾಪ್ ಬಗ್ಗಿ ನೋಡಿ ನಕ್ಕ. "ಅದು ಬಂಡಿ ದಾರಿರೀ. ನಾವ ಗರಸು ಹಾಕಿದ್ವಿ."

ಗರಸು ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು. ಅದು ಗಟ್ಟಿಯಾಗಿ ಕೂತು ಕಲ್ಲಿನಂತೆ ತಡೆ ತೋರಿಸಿತ್ತು. ಆದರೆ ದಾರಿಯ ಆಚೆ, ಗಡಿಯ ಹೊರಗೆ, ತೆಂಕು-ಬಡಗಾಗಿ ಮೂರು ಮಸುಕು ಕಲೆಗಳಿದ್ದವು. ಅವುಗಳಿಗೆ ಅಜ್ಜನ ಬಳಿಯೂ ಉತ್ತರ ಇರಲಿಲ್ಲ. ಅಗೆಯುವುದು ಯಾರಿಗೂ ಬೇಡವಾಗಿತ್ತು. ಗೋಡೆಯನ್ನು ಹೊಲದ ಕಡೆ ನಾಲ್ಕು ಮೀಟರ್ ಸರಿಸಿ ಅವುಗಳನ್ನು ಒಳಗೆ ತೆಗೆದುಕೊಂಡರು.